ಹುವಾಹಿನ್ನಿನ ಹನ್ನೊಂದು ಕಾಗದ

ಮೂರು ವರ್ಷದ ಮೇಲೆ ಮನೆಗೆ ಬಂದ ಗಂಡ ಮೊದಲು ಕೇಳಿದ್ದು ನೀರು. ಎರಡನೆಯದಾಗಿ ಕೇಳಿದ್ದು, ಮಗಳು ದೊಡ್ಡವಳಾದಳೋ ಇಲ್ಲವೋ ಎಂದು.

"ಇನ್ನೂ ಇಲ್ರಿ," ಎಂದಳು ರೇಣುಕವ್ವ. ತಂಬಿಗೆ ಕೊಟ್ಟ ಕೈಯನ್ನು ಹಿಂದಕ್ಕೆ ತೆಗೆಯುವುದನ್ನೇ ಮರೆತಳು. "ಈಗ ಹನ್ನೆರಡಕ್ಕ ಬಿದ್ದಾಳ."

"ಛಲೋ ಆತು. ತಿಕೋಟಾದ ಶಾಂತಪ್ಪಗ ಮಾತ ಕೊಟ್ಟ ಬಂದೇನಿ. ದೀಪಾವಳಿ ಹೊತ್ತಿಗೆ ಅವನೂ ಬರ್ತಾನ. ಬಂದ ತಿಂಗಳದಾಗ ಅಕ್ಕಿಕಾಳ ಬಿದ್ದುಬಿಡಲಿ."

ಶಾಂತಪ್ಪನೆಂದರೆ ದಂಡಿನವರಿಗೆ ಅಡಿಗೆಯಾಳು, ಹುಲ್ಲು, ಕಟ್ಟಿಗೆ ಒದಗಿಸುವ ಗುತ್ತಿಗೆದಾರ. ಗಂಡನನ್ನು ಆಳಾಗಿ ಕಟ್ಟಿಕೊಂಡು ಕಲಕತ್ತೆ ದಾಟಿಸಿ, ಯುದ್ಧ ಮುಗಿದ ಮೇಲೆ ಸಯಾಮ ದೇಶದ ತನಕ ಒಯ್ದವನು ಅವನೇ. ವಯಸ್ಸು ನಲವತ್ತಾರು. ಕಟ್ಟಿಕೊಂಡ ಇಬ್ಬರಲ್ಲಿ ಒಬ್ಬಾಕಿ ಬಾವಿಗೆ ಬಿದ್ದಿದ್ದಳು. ಇನ್ನೊಬ್ಬಾಕಿ ಹೇಗೆ ಹೋದಳೆಂದು ತಿಕೋಟಾದಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಹುಡುಗಿಯನ್ನು ಕೊಟ್ಟರೆ ಗಂಡನಿಗೆ ಆಳುಗಳ ಮೇಲಿನ ಮುಕಾದಮಕಿ, ಮೈದುನ ಸಂಗಣ್ಣನಿಗೆ ಮೋಟಾರು ಓಡಿಸುವ ಕೆಲಸ. ಎಲ್ಲವೂ ಸಮುದ್ರದ ಆಚೆ ದಂಡೆಯ ಮೇಲೆ ಕುಳಿತು ಮುಗಿಸಿಕೊಂಡ ಮಾತು.

ರೇಣುಕವ್ವನನ್ನು ಈ ಮನೆಗೆ ತಂದಾಗ ಅವಳಿಗೂ ಹನ್ನೊಂದೇ. ಆ ಮೊದಲ ವರ್ಷದ ಬಗ್ಗೆ ಅವಳು ಯಾರ ಮುಂದೆಯೂ ಒಂದು ಮಾತು ಆಡಿದವಳಲ್ಲ. ಮಗಳು ನೀಲಾಬಾಯಿ ಹುಟ್ಟಿದ ದಿನ ಮಾತ್ರ ಗೋಡೆಗೆ ಮುಖ ಮಾಡಿ ಮಲಗಿ, ಇವಳಿಗೆ ಅದು ಬರಬಾರದು ಎಂದು ಒಂದೇ ಸಲ ಅಂದುಕೊಂಡಿದ್ದಳು.

ಇಟ್ಟಂಗಿಹಾಳದ ಊರೊಳಗಿನಿಂದ ಅರ್ಧ ಹರದಾರಿ ದೂರ, ಹೊಲದಲ್ಲಿಯೇ ಅವರ ವಸ್ತಿ. ಅಂದು ಅತ್ತೆ, ಮೈದುನ, ಮಗಳು ಎಲ್ಲರೂ ಬಬಲೇಶ್ವರಕ್ಕೆ ಮದುವೆಗೆಂದು ಬಂಡಿ ಹೂಡಿಕೊಂಡು ಹೋಗಿದ್ದರು. ಎಮ್ಮೆ ಈಯಲು ಆಗಿತ್ತೆಂದು ಇವಳೊಬ್ಬಳು ಉಳಿದಿದ್ದಳು. ಸುಡು ಮಧ್ಯಾಹ್ನ. ಗಂಡ ವಿಜಾಪುರದ ಠೇಸನ್ನಿನಲ್ಲಿ ಇಳಿದು, ಟ್ರಂಕು ಹೊತ್ತು, ಹತ್ತಿಕಟ್ಟಿಗೆಯ ಹೊಲಗಳ ನಡುವೆ ಕಾಲುದಾರಿ ಹಿಡಿದು ಬಂದಿದ್ದ. ಹಾದಿಯಲ್ಲಿ ಒಂದು ನಾಯಿ ಸಹ ಸಿಗಲಿಲ್ಲ ಎಂದು ತಾನೇ ಹೇಳಿ ನಕ್ಕ. ಆ ಮಾತು ಅವಳ ಮನಸ್ಸಿನಲ್ಲಿ ಎಲ್ಲೋ ಹೋಗಿ ಕುಳಿತಿತು.

ರೊಟ್ಟಿ ಉಣ್ಣುತ್ತ ಆತ ಆ ಊರಿನ ವರ್ಣನೆ ತೆಗೆದ. ಹುವಾಹಿನ್ ಎಂದು ಊರ ಹೆಸರು. ಸಯಾಮದ ರಾಜ ಬೇಸಿಗೆಗೆ ಬಂದು ಇರುವ ಕಡಲ ದಂಡೆ. ಅಲ್ಲಿಯ ದೊಡ್ಡ ಹೋಟೆಲಿನ ಚಿತ್ರದ ಪುಸ್ತಕವೊಂದನ್ನು ಟ್ರಂಕಿನಿಂದ ತೆಗೆದು, ಎಂಜಲು ಬೆರಳಿನಿಂದಲೇ ಹಾಳೆ ತಿರುವಿದ. ಬಂದವರು ಏನು ನೋಡಬೇಕು, ಎಲ್ಲಿ ಅಡ್ಡಾಡಬೇಕು ಎಂಬುದೆಲ್ಲ ಅದರಲ್ಲಿ ಚಿತ್ರವಾಗಿತ್ತು. ಇದು ಪಲ್ಲಕ್ಕಿಯಂಥ ಕಟ್ಟಿಗೆಯ ಠೇಸನ್ನು. ಇದು ದಂಡೆಯ ಮೇಲೆ ಬಾಡಿಗೆಗೆ ಸಿಗುವ ಕುದುರೆ. ಇವು ಆನೆಯ ಆಕಾರಕ್ಕೆ ಕತ್ತರಿಸಿ ನಿಲ್ಲಿಸಿದ ಗಿಡ. ಇಲ್ಲಿ ಸಾಹೇಬರು ಕೋಲಿನಿಂದ ಚೆಂಡು ಬಡಿದು ಅದರ ಹಿಂದೆ ತಾವೇ ನಡೆಯುತ್ತಾರೆ. ಊರ ತೆಂಕಣಕ್ಕೆ ಗುಡ್ಡ, ಗುಡ್ಡದ ಮೇಲೆ ಗುಡಿ, ಗುಡಿಯ ತುಂಬ ಮಂಗ.

ರೇಣುಕವ್ವ ಹೂಂ ಎನ್ನುತ್ತ ನೋಡಿದಳು. ಅವಳಿಗೆ ನೆನಪಿನ ಶಕ್ತಿ ಮೊದಲಿನಿಂದಲೂ ಇತ್ತು. ಈಗ ಅದು ಹಸಿದಂತೆ ಕೆಲಸ ಮಾಡಿತು.

"ಮದುವಿಗೆ ಜ್ವಾಳ ಎಷ್ಟ ಐತಿ?" ಎಂದು ಆತ ಕೈ ತೊಳೆದ.

"ಸರಕಾರದ ಲೇವಿಯವ್ರ ಕಣ್ಣ ತಪ್ಪಿಸಿ ಹಳೇ ಹಗೇವಿನ್ಯಾಗ ಹದಿನೈದು ಚೀಲ ಹಾಕೇನ್ರಿ. ಮುಂಜಾನಿಯಿಂದ ಬಾಯಿ ತೆರದೈತಿ. ಇಳಿದು ನೋಡ್ರಿ ಬೇಕಾದ್ರ."

ಈ ಎರಡು ಮಾತಿನಲ್ಲಿ ಅವಳ ಕೊಲೆ ಮುಗಿಯಿತು. ನೆಲದೊಳಗಿನ ಆ ಕಣಜಕ್ಕೆ ಹೋದ ಮಳೆಗಾಲದಲ್ಲಿ ನೀರು ಹೊಕ್ಕು, ಉಳಿದ ಜೋಳವೆಲ್ಲ ಕೊಳೆತು ಗಬ್ಬೆದ್ದಿತ್ತು. ಆರು ತಿಂಗಳಿಂದ ಅದರ ಬಾಯಿ ಮೆತ್ತಿಯೇ ಇತ್ತು. ಆತ ಧೋತರ ಉಟ್ಟು ಬರುವಷ್ಟರಲ್ಲಿ ಅವಳು ಹೋಗಿ ಬಾಯಿಗಲ್ಲನ್ನು ಸರಿಸಿ ನಿಂತಳು. ಅಂಥ ಹಗೇವಿಗೆ ಮೊದಲು ಕಂದೀಲು ಇಳಿಬಿಡಬೇಕು. ದೀಪ ಆರಿದರೆ ಮನುಷ್ಯನೂ ಆರುತ್ತಾನೆ. ಅದು ಈ ಸೀಮೆಯ ಮಕ್ಕಳಿಗೂ ಗೊತ್ತಿರುವ ಮಾತು. ಆದರೆ ಮುಂಜಾನೆಯಿಂದ ತೆರೆದಿದೆ ಎಂದು ಮನೆಯಾಕೆ ಹೇಳಿದ ಮೇಲೆ ಯಾರು ಕಂದೀಲು ಹುಡುಕುತ್ತಾರೆ? ಆತ ಮಿಣಿ ಹಿಡಿದು ಇಳಿದ. ಏನೋ ವಾಸನೆ ಎಂದ. ಆಮೇಲೆ ಏನೂ ಅನ್ನಲಿಲ್ಲ.

ಅವಳು ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತು, ನೂರರ ತನಕ ಎರಡು ಸಲ ಎಣಿಸಿದಳು. ರಾಯಪ್ಪ ಮಾಸ್ತರರ ರಾತ್ರಿ ಸಾಲೆಯಲ್ಲಿ ಕಲಿತ ಎಣಿಕೆ. ಆಮೇಲೆ ಟ್ರಂಕನ್ನು ಒಳಗೆ ಕೆಡವಿದಳು. ಸಂಜೆಯ ತನಕ ಮಣ್ಣು ಹೊತ್ತು ಸುರಿದಳು. ನಾಲ್ಕು ದಿನದ ಮೇಲೆ ಬಂದ ಸಂಗಣ್ಣ ಅದನ್ನು ನೋಡಿ, "ಅಂತೂ ಆ ಹಾಳ ಹಗೇವ ಮುಚ್ಚಿದಿ ವೈನಿ. ನಾ ಆರ ತಿಂಗಳಿಂದ ಬಡಕೋಳಾಕತ್ತಿದ್ದೆ," ಎಂದ. ಎಮ್ಮೆ ಹೆಣ್ಣುಗರು ಹಾಕಿತ್ತು.

ಕೊಲ್ಲುವುದು ದೊಡ್ಡ ಮಾತಾಗಿರಲಿಲ್ಲ. ಆತನನ್ನು ಬದುಕಿಸಿ ಇಡುವುದೇ ದೊಡ್ಡ ಮಾತಾಗಿತ್ತು.

ಇದನ್ನು ರೇಣುಕವ್ವ ಮಣ್ಣು ಹೊರುವಾಗಲೇ ಕಂಡುಕೊಂಡಿದ್ದಳು. ಗಂಡ ಸತ್ತನೆಂದು ಗೊತ್ತಾದರೆ ಮನೆಯ ಯಜಮಾನಿಕೆ ಸಂಗಣ್ಣನ ಕೈಗೆ ಹೋಗುತ್ತದೆ. ಶಾಂತಪ್ಪ ಬಂದು ಕೇಳಿದರೆ ಮೋಟಾರಿನ ಆಸೆಗೆ ಅವನು ನೀಲಾಳನ್ನು ತಿಕೋಟಾಕ್ಕೆ ಮರುದಿನವೇ ಕಳಿಸುತ್ತಾನೆ. ಗಂಡ ನಾಪತ್ತೆಯಾದರೂ ಅದೇ ಗತಿ. ಆತ ಇರಬೇಕು, ದೂರ ಇರಬೇಕು, ಅಲ್ಲಿಂದ ಮಾತಾಡುತ್ತ ಇರಬೇಕು. ತಂದೆಯ ಮಾತನ್ನು ಈ ಮನೆಯಲ್ಲಿ ಯಾರೂ ಮೀರುವುದಿಲ್ಲ. ಆ ಮಾತು ತನ್ನ ಕೈಯಲ್ಲಿದ್ದರೆ ಸಾಕು.

ಗಂಡನಿಗೆ ಅಕ್ಷರ ಬರುತ್ತಿರಲಿಲ್ಲ. ಇದುವರೆಗಿನ ಕಾಗದಗಳನ್ನೆಲ್ಲ ಜೊತೆಗಿದ್ದ ಯಾರೋ ಒಬ್ಬರ ಕೈಯಿಂದ ಬರೆಸುತ್ತಿದ್ದ. ಒಂದೊಂದರ ಅಕ್ಷರ ಒಂದೊಂದು ಥರ. ಹಾಗಾಗಿ ಅಕ್ಷರದ ಭಯವಿಲ್ಲ. ರೇಣುಕವ್ವ ಓದಬಲ್ಲಳೆಂಬುದು ಊರಿಗೆಲ್ಲ ಗೊತ್ತು. ಆದರೆ ಅವಳು ಬರೆದದ್ದೆಲ್ಲ ಪಾಟಿಯ ಮೇಲೆ. ಪಾಟಿಯ ಮೇಲಿನದು ಅದೇ ಹೊತ್ತಿಗೆ ಅಳಿಸಿಹೋಗುತ್ತದೆ. ಕಾಗದದ ಮೇಲೆ ಅವಳ ಅಕ್ಷರ ಹೇಗಿರುತ್ತದೆಂದು ಕಂಡವರು ಒಬ್ಬರೂ ಇಲ್ಲ. ಆದರೂ ಇರಲಿ ಎಂದು ಎರಡು ಕೈಬರಹ ರೂಢಿಸಿಕೊಂಡಳು. ಒಂದು, ಸಾಲೆಯ ಹುಡುಗಿಯ ದಪ್ಪ, ಡೊಂಕು ಅಕ್ಷರ, ಕೇಳಿದವರಿಗೆ ತೋರಿಸಲು. ಇನ್ನೊಂದು, ಓಡುವ ಗಂಡಸಿನ ಬರಹ.

ಟಪಾಲಿನದೊಂದು ತೊಡಕಿತ್ತು. ಅದನ್ನೂ ಬಿಡಿಸಿದಳು. ವಾರಕ್ಕೊಮ್ಮೆ ಅವಳು ಬೆಣ್ಣೆ ಹೊತ್ತುಕೊಂಡು ವಿಜಾಪುರಕ್ಕೆ ಹೋಗಿ, ಸಿದ್ಧೇಶ್ವರ ಗುಡಿಯ ಹತ್ತಿರದ ಮನೆಗಳಿಗೆ ಹಾಕಿ ಬರುತ್ತಿದ್ದಳು. ಆ ವರ್ಷ ಬಿಡುಗಡೆಯಾದ ಸಿಪಾಯಿಗಳಿಂದ ರೈಲುಗಳು ತುಂಬಿ ತುಳುಕುತ್ತಿದ್ದವು. ಬಾಗಲಕೋಟೆಯವನು, ಗದಗಿನವನು, ಹುಬ್ಬಳ್ಳಿಯವನು ಯಾರ್‍ಯಾರದೋ ಕೈಕಾಗದ ತಂದು ಠೇಸನ್ನಿನಲ್ಲಿ ಊರ ಹೆಸರು ಕೂಗಿ ಕೊಟ್ಟು ಹೋಗುತ್ತಿದ್ದರು. ಲಕೋಟೆ ಇಲ್ಲ, ಟಪಾಲಿನ ಠಸ್ಸೆ ಇಲ್ಲ. ರೈಲು ಹೊರಟುಹೋದ ಮೇಲೆ ಕೊಟ್ಟವನೂ ಇಲ್ಲ. ಗಂಡನ ಕಾಗದವನ್ನೂ ಹಾಗೆಯೇ ಯಾರೋ ಸಿಪಾಯಿ ಕೊಟ್ಟುಹೋದನೆಂದರೆ ಸಾಕು.

ಮೊದಲನೆಯ ಕಾಗದವನ್ನು ಅವಳು ಯುಗಾದಿಯ ಮರುವಾರ ಬರೆದಳು, ದನದ ಕೊಟ್ಟಿಗೆಯಲ್ಲಿ, ಹಗಲು ಹೊತ್ತು, ಎಲ್ಲರೂ ಹೊಲದಲ್ಲಿದ್ದಾಗ. 'ತೀರ್ಥರೂಪ ಅವ್ವನವರಿಗೆ ನಿಮ್ಮ ಮಗನು ಮಾಡುವ ಸಾಷ್ಟಾಂಗ ನಮಸ್ಕಾರ. ಈ ಕಡೆ ಎಲ್ಲ ಕ್ಷೇಮ.' ಒಂದೇ ಸಲಕ್ಕೆ ಎಲ್ಲ ಹೇಳಲಿಲ್ಲ. ಆ ಪುಸ್ತಕದ ಒಂದೊಂದು ಚಿತ್ರವನ್ನು ಒಂದೊಂದು ಕಾಗದಕ್ಕೆ ಹಂಚಿದಳು. ಒಂದರಲ್ಲಿ ಠೇಸನ್ನು. ಒಂದರಲ್ಲಿ ಕುದುರೆ, ನೀರಿನ ಅಂಚಿಗೆ ಸವಾರಿ ಮಾಡಿದರೆ ಕುದುರೆಯ ಹೆಜ್ಜೆಯನ್ನು ಅಲೆ ಬಂದು ಹಿಂದಿಂದಲೇ ಅಳಿಸುತ್ತದೆ ಎಂದು ಬರೆದು, ಇದು ತನಗೆ ಹೇಗೆ ಹೊಳೆಯಿತೆಂದು ತಾನೇ ಬೆರಗಾದಳು. ಕಡಲನ್ನು ಕಂಡವಳಲ್ಲ ಅವಳು. ಗಾಳಿ ಬೀಸಿದಾಗ ಬಿಳಿಜೋಳದ ಹೊಲ ಹೇಗೆ ಹೊರಳುತ್ತದೆ ಎಂಬುದು ಮಾತ್ರ ಗೊತ್ತಿತ್ತು. ಅದನ್ನೇ ನೀರು ಮಾಡಿ ಬರೆದಳು.

ಅತ್ತೆ ಗುರುಸಿದ್ದವ್ವನಿಗೆ ಕಣ್ಣು ಮಂಜು, ಕಿವಿ ಚುರುಕು. ಕಾಗದ ಬಂದ ದಿನ ಮುದುಕಿ ಎಲೆ ಅಡಿಕೆಯ ಚೀಲ ತೊಡೆಯ ಮೇಲೆ ಇಟ್ಟುಕೊಂಡು, ಗಂಡಸರಂತೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಡುತ್ತಿದ್ದಳು.

"ಸಮುದ್ರಂದ್ರ ಬೇಗಂ ತಲಾಬಿನಷ್ಟ ಇರತೈತೇನ ಬೇ?"

"ಆಚಿ ದಂಡಿ ಕಾಣೂದುಲ್ಲಂತ, ಅತ್ತಿ."

"ಆಚಿ ದಂಡಿ ಇಲ್ಲದ ನೀರ ತಗೊಂಡ ಏನ ಮಾಡ್ತಾರ? ಉಪ್ಪಂತ ಬ್ಯಾರೆ. ಎಮ್ಮೀನೂ ಕುಡಿಯೂದುಲ್ಲ. ಮಂಗ್ಯಾಂದ ಓದ ಇನ್ನೊಮ್ಮೆ."

ಗುಡಿಯ ಮೆಟ್ಟಿಲ ಮೇಲೆ ಭಕ್ತರ ಕೈಯ ಬಾಳೆಹಣ್ಣು ಕಸಿದುಕೊಂಡು, ಸಿಪ್ಪೆಯನ್ನು ಅವರ ಮೇಲೇ ಒಗೆಯುವ ಮಂಗಗಳ ಸಂಗತಿಯನ್ನು ರೇಣುಕವ್ವ ಇನ್ನೊಮ್ಮೆ ಓದಿದಳು. ಮುದುಕಿ ಕೆಮ್ಮು ಬರುವ ತನಕ ನಕ್ಕಳು. "ನಮ್ಮ ಸಂಗಣ್ಣನಂಥಾವ ಅದಾವು ತಗೋ."

"ಯವ್ವಾ, ನಾ ಇಲ್ಲೇ ಕುಂತೇನಿ," ಎಂದ ಸಂಗಣ್ಣ.

"ಕಂಡೇ ಅಂದೆ ಲೇ."

ಮೂರನೆಯ ಕಾಗದದಲ್ಲಿ ಅವಳು ತನ್ನ ಕೆಲಸದ ಮಾತು ಇಟ್ಟಳು. 'ಶಾಂತಪ್ಪನು ಮದುವೆ ಗೊತ್ತುಮಾಡಲೆಂದು ನನ್ನನ್ನು ಊರಿಗೆ ಹೊರಡಿಸಿದನು. ರೈಲು ಹತ್ತಿ ಮುಂದಿನ ಠೇಸನ್ನಿನಲ್ಲಿಯೇ ಇಳಿದು ತಿರುಗಿ ಬಂದೆನು. ನನ್ನ ಮುಕಾದಮಕಿ, ಸಂಗಣ್ಣನ ಮೋಟಾರಿನ ಕೆಲಸದ ಆಸೆಗೆ ಎಳೆಯ ಮಗುವನ್ನು ಅಂಥವನಿಗೆ ಕೊಡುತ್ತೇನೆಂದು ಆಡಿದ ಬಾಯಿ ಹೊತ್ತುಕೊಂಡು ನಿಮ್ಮ ಎದುರು ಹೇಗೆ ನಿಲ್ಲಲಿ? ಇಲ್ಲಿ ಹೋಟೆಲಿನ ತೋಟದಲ್ಲಿ ಗಿಡ ಕತ್ತರಿಸುವ ಕೆಲಸಕ್ಕೆ ಇದ್ದೇನೆ. ನಾನು ಬರುವ ತನಕ ನೀಲಾಳ ಮದುವೆಯ ಮಾತು ಯಾರೂ ಎತ್ತಕೂಡದು. ಸಾಲೆ ಬಿಡಿಸಕೂಡದು.' ಹೀಗೆ, ಮುಂದೆ ಶಾಂತಪ್ಪ ಬಂದು ಏನು ಹೇಳಬಹುದೋ ಅದನ್ನು ಅವನಿಗಿಂತ ಆರು ತಿಂಗಳು ಮೊದಲೇ ಹೇಳಿ ಇಟ್ಟಳು.

ಸಂಗಣ್ಣನ ಮುಖ ಸಣ್ಣದಾಯಿತು. ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇಲ್ಲಿದ್ದಾಗ ಒಂದ ದಿನ ಇಂಥಾ ಮಾತ ಆಡಲಿಲ್ಲ. ಆ ಉಪ್ಪ ನೀರ ಕುಡದ ನನ್ನ ಮಗಗ ಬುದ್ಧಿ ಬಂತು ನೋಡ."

ಮುದುಕಿ ಉತ್ತರ ಹೇಳುವಳು, ರೇಣುಕವ್ವ ಬರೆದುಕೊಳ್ಳುವಳು, ಬೆಣ್ಣೆಗೆ ಹೋದ ದಿನ ಹಾದಿಯಲ್ಲಿ ಹರಿದು ಹಳ್ಳಕ್ಕೆ ಬಿಡುವಳು. ಮುಂದಿನ ಕಾಗದದಲ್ಲಿ ಆ ಮಾತಿಗೆಲ್ಲ ತಪ್ಪದೆ ಜವಾಬು ಬರುತ್ತಿತ್ತು. ಅವ್ವನ ಮೊಣಕಾಲ ನೋವಿಗೆ ಎಣ್ಣೆ ಯಾವುದೆಂದು ಬರುತ್ತಿತ್ತು. ನೀಲಾ ಎಷ್ಟನೇ ಪುಸ್ತಕ ಓದುತ್ತಾಳೆಂದು ವಿಚಾರಣೆ ಬರುತ್ತಿತ್ತು. ಗೌರಿ ಹುಣ್ಣಿಮೆಯ ಹೊತ್ತಿಗೆ ಕಾಗದಗಳು ಹನ್ನೊಂದಾದವು. ಹುಡುಗಿ ತಂದೆಯ ಕಾಗದಗಳನ್ನು ತಾನೇ ಓದತೊಡಗಿದಳು. "ನಮ್ಮಪ್ಪ ಬಂದ ಮ್ಯಾಲ ನನ್ನ ಕುದುರಿ ಮ್ಯಾಲ ಕುಂದರಸ್ತಾನೇನ್ ಬೇ?" ಎಂದು ಕೇಳಿದ ದಿನ ರೇಣುಕವ್ವ ರೊಟ್ಟಿ ಬಡಿಯುತ್ತಿದ್ದವಳು ಬಡಿಯುತ್ತಲೇ ಇದ್ದಳು. ಮಣ್ಣಿನ ಕೆಳಗಿದ್ದವನು ಕಾಗದದ ಮೇಲೆ ಒಳ್ಳೆಯವನಾಗಿ ಬೆಳೆಯುತ್ತಿದ್ದ. ಒಂದೊಂದು ಸಲ ಅವಳಿಗೇ ಅವನ ಕಾಗದದ ದಾರಿ ಕಾಯುವಂತೆ ಆಗುತ್ತಿತ್ತು.

ಶಾಂತಪ್ಪ ಬಂದ. ಬಂದವನು ಸುಮ್ಮನೆ ಬರಲಿಲ್ಲ, ವಿಜಾಪುರದಿಂದ ಪೊಲೀಸ್ ಫೌಜದಾರನನ್ನು ಜೊತೆಗೆ ಕರೆತಂದ. ಊರ ಚಾವಡಿಯಲ್ಲಿ ಮಂದಿ ಕೂಡಿತು. ಅತ್ತೆ ತನ್ನ ತಗಡಿನ ಡಬ್ಬಿ ಎದೆಗೆ ಅವುಚಿಕೊಂಡು ಬಂದಳು. ಮಗನ ಕಾಗದ, ಹಳೆಯವು ಹೊಸವು, ಎಲ್ಲ ಅದರಲ್ಲಿದ್ದವು. ರೇಣುಕವ್ವ ಕಂಬದ ಮರೆಯಲ್ಲಿ ನಿಂತಳು. ಈ ದಿನವನ್ನು ಅವಳು ಎಂಟು ತಿಂಗಳಿಂದ ದಿನಾ ನಡೆಸಿ ನೋಡಿದ್ದಳು.

"ನಾನs ಟಿಕೀಟ ತಗಸಿ ಕೊಟ್ಟೇನ್ರಿ ಸಾಹೇಬ್ರ," ಎಂದು ಶಾಂತಪ್ಪ ತೊಡೆ ತಟ್ಟಿದ. "ಅವ ಇಲ್ಲಿಗೇ ಬಂದಾನ. ಈ ಮಂದಿ ಏನೋ ಮಾಡ್ಯಾರ."

"ಏನ ಮಾಡತಾರೋ?" ಎಂದಳು ಗುರುಸಿದ್ದವ್ವ. "ಹಡದಾಕಿ ನಾ ಕುಂತೇನಿ. ಎರಡ ಹೆಂಡರನ ತಿಂದ ಬಾಯಿಲೆ ನನ್ನ ಮಗನ್ನ ಯಾಕ ತಿಂತಿ?"

ಮಂದಿ ನಕ್ಕಿತು. ಫೌಜದಾರ ನಗಲಿಲ್ಲ. ನಡುವಯಸ್ಸಿನ, ಗಡಿಬಿಡಿ ಇಲ್ಲದ ಮನುಷ್ಯ. ರಾಯಪ್ಪ ಮಾಸ್ತರರ ಕೈಗೆ ಕಾಗದ ಕೊಟ್ಟು ಓದಿಸಿದ. ಹನ್ನೊಂದನ್ನೂ ಓದಿಸಿದ. ಠೇಸನ್ನು, ಕುದುರೆ, ಆನೆಯ ಗಿಡ, ಚೆಂಡಿನ ಆಟ, ಬಿಸಿಲಿಗೆ ಅರಿವೆ ಹಾಕಿದಂತೆ ಮೀನು ಒಣಹಾಕುವ ಹುರಿಗಳು. ಚಾವಡಿಯೆಲ್ಲ ಬಾಯಿ ತೆರೆದು ಕೇಳಿತು.

"ಊರ ಹಿಂಗs ಐತೇನು?" ಎಂದು ಫೌಜದಾರ ಶಾಂತಪ್ಪನನ್ನು ಕೇಳಿದ.

"ಐತ್ರಿ. ಹಿಂಗs ಐತಿ. ಕಣ್ಣಿಗೆ ಕಟ್ಟಿದಂಗ ಬರದಾನ."

"ಅಲ್ಲಿ ಇಲ್ಲದಾವ ಇಷ್ಟ ಬರೀತಾನೇನು?"

ಫೌಜದಾರ ರೇಣುಕವ್ವನ ಕಡೆ ಹೊರಳಿದ. ಸಾಲೆಗೆ ಹೋಗಿದ್ದೀಯಂತಲ್ಲ, ಏನಾದರೂ ಬರೆ ಎಂದು ಕಾಗದ ಮುಂದೆ ಸರಿಸಿದ. ಅವಳು ದೌತಿಯಲ್ಲಿ ಟಾಕು ಅದ್ದಿ, ನಾಲಿಗೆಯ ತುದಿ ಹೊರಗೆ ಹಾಕಿ, ಕೊರಳು ಓರೆಮಾಡಿ, ಮಗಳ ಹೆಸರನ್ನು ದಪ್ಪ ಡೊಂಕು ಅಕ್ಷರಗಳಲ್ಲಿ ಬರೆದಳು. ಬಿದ್ದೇಳುತ್ತ ಹೋಗುವ ಕರುವಿನಂಥ ಅಕ್ಷರ. ಆ ಓಡುವ ಬರಹಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಮಾಸ್ತರರು ನಾಚಿಕೊಂಡು, "ಪಾಟೀ ಮ್ಯಾಲ ಇದಕ್ಕಿಂತ ಛಂದ ಬರೀತಾಳ್ರಿ," ಎಂದರು.

"ಆತು," ಎಂದ ಫೌಜದಾರ. "ಶಾಂತಪ್ಪಾ, ನಿನ್ನ ಗುತ್ತಿಗಿ ಬಿಟ್ಟ ಓಡಿ ಹೋಗ್ಯಾನ ಮನಷ್ಯಾ. ಅದಕ್ಕ ನಾ ಏನ ಮಾಡಲಿ? ಹುಡುಗಿ ತಂದೀ ಮಾತ ಐತಿ, ಮದುವಿ ಸುದ್ದಿ ಬಿಡು." ಶಾಂತಪ್ಪ ಚಪ್ಪಲಿ ಮೆಟ್ಟಿಕೊಂಡು ಎದ್ದ. ಮತ್ತೆ ಕಂಬದ ಮರೆಗೆ ಸರಿದ ರೇಣುಕವ್ವ ಎಂಟು ತಿಂಗಳಲ್ಲಿ ಮೊದಲ ಸಲ ಪೂರಾ ಉಸಿರು ಬಿಟ್ಟಳು. ಇನ್ನು ಎರಡು ವರ್ಷ ಕಾಗದ ಬರಲಿ, ನೀಲಾಳ ಪರೀಕ್ಷೆ ಮುಗಿಯಲಿ. ಆಮೇಲೆ ಕಡಲಿಗೆ ಇಳಿದವನು ಮೇಲೆ ಬರಲಿಲ್ಲ ಎಂದರಾಯಿತು.

ಪಂಚನಾಮೆಗೆಂದು ಫೌಜದಾರ ಡಬ್ಬಿಯ ಕಾಗದಗಳ ಯಾದಿ ಬರೆಯಲು ಕುಳಿತ. ತೇದಿ ಯಾವುದು, ಯಾರಿಗೆ ಬಂದದ್ದು, ಯಾರ ಹೆಸರಿನಿಂದ. ಶಾಂತಪ್ಪನ ಹತ್ತಿರ ಇದ್ದಾಗಿನ ಹಳೆಯ ಒಂಬತ್ತು ಕಾಗದ ಮೊದಲು ಬಂದವು. ನಾಲ್ಕೈದು ಮಂದಿ ಬರೆದುಕೊಟ್ಟ ಅಕ್ಷರ, ಆದರೆ ಒಂಬತ್ತರಲ್ಲಿಯೂ ಮೇಲೊಮ್ಮೆ ಕೆಳಗೊಮ್ಮೆ ಅದೇ ಹೆಸರು. "ಬಸಗೊಂಡಪ್ಪ... ಬಸಗೊಂಡಪ್ಪ..." ಎಂದು ಅವನು ಬಾಯಲ್ಲಿ ಅಂದುಕೊಳ್ಳುತ್ತ ಬರೆದ. ಹತ್ತನೆಯದನ್ನು ಬಿಚ್ಚಿ ಕೆಳಗೆ ನೋಡಿದ. ಮೇಲೆ ನೋಡಿದ. ಹಿಂದೆ ತಿರುವಿದ. 'ನಿಮ್ಮ ಮಗನು ಮಾಡುವ ನಮಸ್ಕಾರ', 'ಇಂತಿ ನಿಮ್ಮ ಮಗ', ಅಷ್ಟೇ. ಅದನ್ನು ಬದಿಗಿಟ್ಟು ಮುಂದಿನದು ಬಿಚ್ಚಿದ, ಅದರ ಮುಂದಿನದು, ಕೊನೆಯದರ ತನಕ. ಹುವಾಹಿನ್ನಿನ ಮಂಗಗಳಿಗೂ ಜಾಗವಿದ್ದ ಹನ್ನೊಂದು ಕಾಗದಗಳಲ್ಲಿ ಮಗನ ಹೆಸರು ಒಂದು ಕಡೆಯೂ ಇರಲಿಲ್ಲ. ಫೌಜದಾರ ದೌತಿ, ಟಾಕು ಹಿಡಿದು ರೇಣುಕವ್ವ ನಿಂತ ಕಂಬದ ಹತ್ತಿರ ಎದ್ದು ಬಂದ. ಆಮೇಲೆ, ಮನೆಯವರನ್ನು ಮಾತಾಡಿಸುವಷ್ಟು ಮೆತ್ತಗೆ, "ತನ್ನ ಹೆಸರ ಬರಸಾಕ ಯಾವ ಗಂಡಸೂ ಹಿಂಜರಿಯೂದುಲ್ಲ ತಂಗಿ. ಆ ಹೆಸರ ಬಾಯಿಲೆ ಅನ್ನಾಕ, ಕೈಲೆ ಬರಿಯಾಕ ಬಾರದಾಕಿ ಒಬ್ಬಾಕೀನs ಇರತಾಳ, ಅವನ ಹೆಂಡ್ತಿ," ಎಂದು ಟಾಕನ್ನು ಮಸಿಯಲ್ಲಿ ಅದ್ದಿ, ಖಾಲಿ ಹಾಳೆಯ ಜೊತೆಗೆ ಅವಳ ಮುಂದೆ ಹಿಡಿದ. "ಬಸಗೊಂಡಪ್ಪ ಅಂತ ಬರಿ ನೋಡೂಣು." ಮಗಳಿಗಾಗಿ ಒಂದು ದೇಶವನ್ನೇ ಬರೆದ ಆ ಕೈ, ಗಂಡನ ಹೆಸರು ಕಿವಿಗೆ ಬಿದ್ದದ್ದೇ ತಡ, ಅವಳನ್ನು ಕೇಳದೆಯೇ ಮೇಲಕ್ಕೆ ಹೋಗಿ ತಲೆಯ ಮೇಲಿನ ಸೆರಗನ್ನು ಮುಂದಕ್ಕೆ ಎಳೆಯಿತು.